ಒಣಗಿದ ಜಾಗ ತೋರಿಸಿದ ಈರಣ್ಣ

ನನ್ನ ಮೊಮ್ಮಗಳು ಶ್ವೇತಾ ಎಂಟೆಕ್ ಪಾಸಾದಳು ಕಣ್ರೀ! ಬೆಳಿಗ್ಗೆ ಸುದ್ದಿ ಬಂದಾಗಿಂದ ನಾನು ಕೂತಲ್ಲಿ ಕೂತಿಲ್ಲ. ಚಿಕ್ಕಬಾಣಾವರದ ನಮ್ಮ ಬೀದಿಗೆಲ್ಲ ಸಕ್ಕರೆ ಹಂಚಿ, ಮರೆತು ಮತ್ತೆ ಹಂಚಿದೆ. "ಅಜ್ಜೀ, ಆಗಲೇ ಕೊಟ್ರಲ್ಲ" ಅಂದಳು ಎದುರುಮನೆಯವಳು. ಇನ್ನೊಂದ್ಸಲ ತಿನ್ನು, ಅಂದೆ. ಆದರೆ ಈ ಖುಷಿಯಲ್ಲಿ ಅರ್ಧ ಈರಣ್ಣನದು.

ಈರಣ್ಣ ಬಾಗಲಕೋಟೆ ಕಡೆಯವನು, ನಮ್ಮ ಮಹಡಿ ರೂಮಿನಲ್ಲಿ ಬಾಡಿಗೆಗಿದ್ದ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹೊಗೆ ತೊಳೆಯೋ ಕೆಲಸ. ಹೊಗೆಯನ್ನೂ ತೊಳೀತಾರೇನೋ ಅಂತ ನಕ್ಕಿದ್ದೆ.

"ತೊಳೀತಾರ್ರೀ ಅಮ್ಮಾರ. ಬಾಯ್ಲರ್ ಹೊಗಿಯಾಗ ಹುಳಿ ಇರತೈತಿ, ಆಸಿಡ್ಡು. ಗೋಪುರದಾಗ ಮ್ಯಾಲಿಂದ ಸುಣ್ಣದ ನೀರು ಬಿಟ್ರ ಹುಳಿ ಹಿಡಕೊಂಡು ಕೆಳಗ ಇಳೀತೈತಿ."

ಒಂದು ಕಡೆ ನಿಂತ ಮನುಷ್ಯನಲ್ಲ. ಕಾಫಿ ಕೊಟ್ಟರೆ ಲೋಟ ಹಿಡಿದೇ ತಾರಸಿ ಹತ್ತೋನು. ಪೀಣ್ಯದ ಕಡೆಯಿಂದ ಗಾಳಿ ಬಂದರೆ ನಾಲಿಗೆ ಚಾಚಿ ರುಚಿ ನೋಡಿ, "ಯಾರೋ ಸುಣ್ಣದ ನೀರಿನ ಪಂಪ್ ಬಂದ್ ಮಾಡ್ಯಾರ್ರೀ" ಅಂತ ಚಡಪಡಿಸೋನು. ರಜಾದಿನದಲ್ಲೂ ಇದೇ ಪಾಡು.

ಶ್ವೇತಾ ತನ್ನ ಎಂಟೆಕ್ ಪ್ರಾಜೆಕ್ಟಿಗೆ ಈರಣ್ಣನ ಕಾರ್ಖಾನೆಯ ಅದೇ ಗೋಪುರವನ್ನ ಕಂಪ್ಯೂಟರಿನಲ್ಲಿ ಲೆಕ್ಕವಾಗಿ ಕಟ್ಟುತ್ತಿದ್ದಳು. ಇಷ್ಟು ಹೊಗೆಗೆ ಇಷ್ಟು ನೀರು ಬಿಟ್ಟರೆ ಎಷ್ಟು ಹುಳಿ ಉಳಿಯುತ್ತೆ ಅಂತ. ಅವಳ ಲೆಕ್ಕದಲ್ಲಿ ಹೊಗೆ ಚೊಕ್ಕಟ. ಚಿಮಣಿಯಲ್ಲಿ ಅಳೆದರೆ ಹುಳಿ ಜಾಸ್ತಿ. ತಿಂಗಳೊಳಗೆ ಎರಡೂ ಕೂಡದಿದ್ದರೆ ಅವಳ ವರ್ಷವೇ ಹೋಯ್ತು. ಹುಡುಗಿ ಊಟ ಬಿಟ್ಟಳು. ಕೊನೆಗೆ, "ಅಜ್ಜಿ, ಒಂದು ನಂಬರ್ ತಿದ್ದಿಬಿಟ್ರೆ ಕೂಡುತ್ತೆ" ಅಂದಳು.

ಬಾಗಿಲಲ್ಲಿದ್ದ ಈರಣ್ಣ ಕೇಳಿಸಿಕೊಂಡ. "ತಡೀ ತಂಗಿ" ಅಂದವನೇ ದೇವರ ಮನೆಯ ಸಾಂಬ್ರಾಣಿ ಧೂಪ ಎತ್ತಿಕೊಂಡು ಬಚ್ಚಲಿಗೆ ನುಗ್ಗಿದ!

"ಏಯ್, ದೇವರ ಧೂಪ ಕಣೋ! ನಿಂಗೇನ್ ಬಂತೋ!" ಅಂತ ನಾನು ಹಿಂದೆ ಓಡಿದೆ.

ಷವರ್ ತಿರುಗಿಸಿದ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಬಿಳಿ ಉಪ್ಪು ಕಟ್ಟಿ ಅರ್ಧ ತೂತು ಮುಚ್ಚಿದ್ದವು. ಒಂದು ಕಡೆ ಧಾರೆ, ಇನ್ನೊಂದು ಕಡೆ ಒಣ. ಅಡಿಯಲ್ಲಿ ಧೂಪ ಹಿಡಿದರೆ ಹೊಗೆ ಒಣ ಕಡೆಯಿಂದಲೇ ನುಸುಳಿ ಮೇಲೆ ಹೋಯ್ತು.

"ನೋಡವ್ವಾ, ಹೊಗಿ ಭಾಳ ಶಾಣ್ಯಾ. ನಿನ್ನ ಲೆಕ್ಕದಾಗ ಮಳಿ ಎಲ್ಲಾ ಕಡಿ ಸಮಾ ಬೀಳತೈತಿ. ನಮ್ಮ ಗೋಪುರದಾಗ ಸುಣ್ಣ ಕಟ್ಟಿ ತೂತು ಮುಚ್ಚ್ಯಾವ. ಬಾಯ್ಲರ್ ನಿಲ್ಲಿಸಿ ತೊಳೀರಿ ಅಂದ್ರ ನನ್ನ ಮಾತು ಯಾರ್ ಕೇಳ್ತಾರ? ನಂಬರ್ ತಿದ್ದಬ್ಯಾಡ. ಒಣ ಜಾಗಾನೂ ಲೆಕ್ಕದಾಗ ಹಾಕು."

ಮಾರನೇ ದಿನ ಗೋಪುರದ ಕಿಂಡಿಯಲ್ಲಿ ಇಣುಕಿ, ಮುಚ್ಚಿದ ತೂತುಗಳನ್ನ ಹಾಳೆಯಲ್ಲಿ ಗುರುತು ಹಾಕಿ ತಂದುಕೊಟ್ಟ. ಅದನ್ನ ಸೇರಿಸಿದ ಮೇಲೆ ಲೆಕ್ಕ ಕೂಡಿತು.

ಎರಡು ತಿಂಗಳಾಯ್ತು, ಈರಣ್ಣ ರೂಮು ಖಾಲಿ ಮಾಡಿ ಬಳ್ಳಾರಿ ಕಡೆ ಹೋದ. ಅಲ್ಲಿ ಇನ್ನೂ ದೊಡ್ಡ ಗೋಪುರವಂತೆ.

ಇವತ್ತು ಸಂಜೆ ಮಗ, ಸೊಸೆ, ಶ್ವೇತಾ, ನಾನು ಒಬ್ಬಟ್ಟಿನ ಊಟಕ್ಕೆ ಕೂತೆವು. ಶ್ವೇತಾ ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಮಾಮ, ಪಾಸಾದೆ! ಲೆಕ್ಕ ಚಿಮಣಿಗೆ ಸರಿಯಾಗಿ ಕೂಡಿದೆ ಅಂತ ಹೊಗಳಿದ್ರು!"

"ಭಾಳ ಚಲೋ ಆತು ತಂಗಿ, ಭಾಳ ಚಲೋ ಆತು." ಆಮೇಲೆ ಕೇಳಿದ, "ಅಲ್ಲವ್ವಾ, ಆ ಗೋಪುರದ ತೂತು ತೊಳದ್ರೇನು?"

ಶ್ವೇತಾ ಒಬ್ಬಟ್ಟಿಗೆ ಚಾಚಿದ ಕೈ ಹಿಂದಕ್ಕೆ ತೆಗೆದಳು. ತೂತು ಮುಚ್ಚಿದ ಗೋಪುರಕ್ಕೇ ಲೆಕ್ಕ ಕೂಡಿತು ಅಂದರೆ ಹೊಗೆ ಇನ್ನೂ ಹುಳಿಯಾಗೇ ಇದೆ ಅಂತ ತಾನೇ!

"ಇಲ್ಲ ಮಾಮ. ನಾಳೆ ನಾನೇ ಕಾರ್ಖಾನೆಗೆ ಹೋಗ್ತೀನಿ. ತೊಳೆದರೆ ಎಷ್ಟು ಹುಳಿ ಇಳಿಯುತ್ತೆ ಅಂತ ಲೆಕ್ಕ ತೋರಿಸ್ತೀನಿ. ಒಪ್ಪೋವರೆಗೂ ಅಲ್ಲಿಂದ ಏಳಲ್ಲ."

"ಹಂಗಾದ್ರ ಉಣ್ಣು," ಅಂದ ಈರಣ್ಣ. "ಹೊಟ್ಟಿ ತುಂಬ ಉಣ್ಣು."

ನಾನು ಅವಳ ಒಬ್ಬಟ್ಟಿನ ಮೇಲೆ ಇನ್ನೊಂದು ಚಮಚ ತುಪ್ಪ ಸುರಿದೆ. ಎಲ್ಲರೂ ಉಣ್ಣಲು ಶುರುಮಾಡಿದೆವು.