ಅಶ್ವತ್ಥಮ್ಮನ ಆಣೆ ತಟ್ಟೆ

ವರ್ತೂರಿನಲ್ಲಿ ಯಾರು ಗೆಲ್ಲಬೇಕೆಂದು ತೀರ್ಮಾನಿಸುವುದು ಪಕ್ಷಗಳು ಎಂದು ಪೇಪರಿನವರು ಬರೆಯುತ್ತಾರೆ. ಪಾಪ, ಅವರಿಗೆ ಅಶ್ವತ್ಥಮ್ಮ ಗೊತ್ತಿಲ್ಲ. ಮಾರಮ್ಮನ ಗುಡಿಗೆ ದೀಪ ಹಚ್ಚುವ ಈ ಹೆಂಗಸು ಇಪ್ಪತ್ತು ವರ್ಷದಿಂದ ಪ್ರತಿ ಚುನಾವಣೆಗೂ ತಟ್ಟೆ ಹಿಡಿದು ಬೀದಿ ಸುತ್ತಿದವಳು. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಗುಡಿಯ ದೀಪ. ಅವಳ ಬೆನ್ನ ಹಿಂದೆ ಅಭ್ಯರ್ಥಿ ಕೃಷ್ಣಪ್ಪನ ಕಡೆಯವರು ಸೀರೆಯ ಗಂಟು ಹೊತ್ತು ಬರುತ್ತಿದ್ದರು. ಸೀರೆ ಇಸಿದುಕೊಂಡ ಹೆಂಗಸು ದೀಪ ಮುಟ್ಟಿ, ಕೃಷ್ಣಪ್ಪನಿಗೇ ವೋಟು ಎಂದು ಮಾರಮ್ಮನ ಮೇಲೆ ಆಣೆ ಮಾಡಬೇಕು. ತಪ್ಪಿದರೆ ಪಾಪ ಮಕ್ಕಳಿಗೆ. ಸೀರೆಯನ್ನು ಮರೆತರೂ ಆ ಭಯವನ್ನು ಯಾರೂ ಮರೆಯುತ್ತಿರಲಿಲ್ಲ, ಕೃಷ್ಣಪ್ಪ ಆರಾಮವಾಗಿ ಗೆಲ್ಲುತ್ತಿದ್ದ.

ಈ ಸಲ ಬಾಡಿಗೆ ಮನೆಗಳ ಹೆಂಗಸರು ಹಿಂದೆಮುಂದೆ ನೋಡಿದರು. ಅವರನ್ನು ನಂಬಿಸಲು ಅಶ್ವತ್ಥಮ್ಮ ಗುಡಿಯಲ್ಲಿ, ಕೃಷ್ಣಪ್ಪ ಹೇಳಿಕೊಟ್ಟಂತೆ, ಎರಡು ವರ್ಷದ ಮೊಮ್ಮಗಳು ಲಾಸ್ಯಳ ತಲೆ ಮುಟ್ಟಿ ತಾನೇ ಮೊದಲು ಆಣೆ ಮಾಡಿದಳು. ಆಮೇಲೆ ಸೊಸೆ ದಿವ್ಯಾಳ ಕೈ ಹಿಡಿದು ಮಗುವಿನ ತಲೆಯ ಮೇಲೆ ಇಡಿಸಿದಳು. ನೋಡಿದವರು ಕೈಮುಗಿದರು. ಅಶ್ವತ್ಥಮ್ಮನಿಗೆ ಹೆಮ್ಮೆಯೋ ಹೆಮ್ಮೆ.

ಮತದಾನದ ಹಿಂದಿನ ದಿನ ಬೆಳಿಗ್ಗೆ, ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ದಿವ್ಯಾ ತಲೆ ಎತ್ತದೆ ಹೇಳಿದಳು: "ಅತ್ತೆ, ನಾನು ಕೃಷ್ಣಪ್ಪಂಗೆ ವೋಟ್ ಹಾಕಲ್ಲ."

"ಮಗೀನ ತಲೆ ಮುಟ್ಟಿ ಯೋಳಿದ್ದೀಯಲ್ಲೇ!"

"ಕೈ ಹಿಡ್ಕೊಂಡು ಇಡ್ಸಿದ್ದು ನೀವು. ಅವನು ಕಾಲುವೆ ಮುಚ್ಚಿ ಲೇಔಟ್ ಮಾಡಿದ್ದಕ್ಕೇ ಅಲ್ವಾ ಮೋರಿ ನೀರು ಮನೆಗೆ ನುಗ್ಗಿದ್ದು? ಇವಳು ಹನ್ನೊಂದು ದಿನ ಆಸ್ಪತ್ರೇಲಿ ಮಲಗಿದ್ದು ಮರೆತ್ರಾ?"

ಅಶ್ವತ್ಥಮ್ಮ ಮರೆತಿರಲಿಲ್ಲ. ಆಣೆ ತಪ್ಪಿದರೆ ಪಾಪ ಅದೇ ಮಗುವಿಗೆ. ಅಷ್ಟು ಕಷ್ಟದಿಂದ ಉಳಿದ ಮಗು! ದಿವ್ಯಾ ಗೋಗರೆದರೂ ಬಗ್ಗುವವಳಲ್ಲ. ಉಳಿದದ್ದು ಒಂದೇ ದಾರಿ. ಆಣೆ ಮಾಡಿಸಿದವರೇ ಅದನ್ನು ಹಿಂದಕ್ಕೆ ತೆಗೆದುಕೊಂಡರೆ ಪಾಪ ತಟ್ಟುವುದಿಲ್ಲ. ಗುಡಿಗೆ ಓಡಿ ತೀರ್ಥ ತಂದಳು. ಬೇವಿನ ಸೊಪ್ಪು ಅದ್ದಿ ದಿವ್ಯಾಳ ಕೈಗೂ ಮಗುವಿನ ತಲೆಗೂ ಚಿಮುಕಿಸಿ, "ನಾನ್ ಮಾಡ್ಸಿದ್ ಆಣೆ ನಾನೇ ತಕ್ಕೊಂಡಿವ್ನಿ ತಾಯಿ," ಎಂದಳು.

ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಭಯ ಹೊಕ್ಕಿತು. ಎಲ್ಲರೂ ಮುಟ್ಟಿದ್ದು ಅದೇ ದೀಪ, ಅದೇ ತಟ್ಟೆ. ತನ್ನ ಮನೆಯ ಮಗುವನ್ನು ಮಾತ್ರ ಬಿಡಿಸಿಕೊಂಡು ಬೀದಿಯ ಮಕ್ಕಳನ್ನು ಹಾಗೇ ಬಿಟ್ಟರೆ ಮಾರಮ್ಮ ಸುಮ್ಮನಿರುತ್ತಾಳೆಯೇ? ಆ ಪಾಪವೂ ಲಾಸ್ಯಳಿಗೇ ಬಂದು ಸುತ್ತಿಕೊಳ್ಳುತ್ತದೆ.

ಸುಡುವ ಬಿಸಿಲಲ್ಲಿ ಮನೆ ಮನೆ ತಿರುಗಿದಳು. ಕೃಷ್ಣಪ್ಪನ ಹುಡುಗರ ಬೈಕಿನ ಸದ್ದು ಕೇಳಿದಾಗಲೆಲ್ಲ ತೀರ್ಥದ ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಹೆಂಗಸರು ಬಾಯಿಗೆ ಬಂದಂತೆ ಬೈಯುತ್ತಾರೆ ಎಂದುಕೊಂಡಿದ್ದಳು. ಅವರೋ ತೀರ್ಥಕ್ಕೆ ಕೈ ಚಾಚಿದರು. ಮೂಲೆಮನೆಯ ಶೋಭಾರಾಣಿ ಅತ್ತೇಬಿಟ್ಟಳು.

"ಮೂರು ಎಲೆಕ್ಷನ್‌ನಿಂದ ಹೆದ್ರಕೊಂಡೇ ಒತ್ತಿದೀನಿ ಅಶ್ವತ್ಥಕ್ಕ," ಎಂದು ಕಣ್ಣೊರೆಸಿಕೊಂಡವಳು, ಏನೋ ಹೊಳೆದಂತೆ ಕೇಳಿದಳು: "ನಿಮ್ಮ ಆಣೆ ಯಾರು ತೆಗೀತಾರೆ?"

ಅಶ್ವತ್ಥಮ್ಮ ಎತ್ತಿದ ಸೊಪ್ಪು ಹಾಗೇ ನಿಂತಿತು. ತನ್ನಿಂದ ಆಣೆ ಮಾಡಿಸಿದವನು ಕೃಷ್ಣಪ್ಪ. ಅವನೇ ತೆಗೆಯಬೇಕು. ಬೀದಿಯನ್ನೆಲ್ಲ ಬಿಡಿಸಿ ಬಂದಿದ್ದೇನೆ, ನನ್ನನ್ನೂ ಬಿಡಪ್ಪಾ ಎಂದು ಯಾವ ಮುಖ ಹೊತ್ತು ಕೇಳುವುದು? ಕೇಳಿದರೆ ಸುಮ್ಮನೆ ಕಳಿಸುತ್ತಾನೆಯೇ?

ಮರುದಿನ ಶಾಲೆಯಲ್ಲಿ ಹೆಂಗಸರ ಸಾಲು ಯಾವತ್ತಿಗಿಂತ ಉದ್ದವಿತ್ತು. ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ದಿವ್ಯಾ ಒಳಗೆ ಹೋಗಿ ಬಂದಳು. ಆಮೇಲೆ ಅಶ್ವತ್ಥಮ್ಮ ಹೋದಳು. ರಟ್ಟಿನ ಮರೆಯಲ್ಲಿ ಅವಳ ಬೆರಳು ಆ ಗುರುತಿನಿಂದ ಈ ಗುರುತಿಗೆ ಅಲೆದಾಡಿತು. ಕಡೆಗೆ ಕಣ್ಣು ಮುಚ್ಚಿ ಕೃಷ್ಣಪ್ಪನಿಗೇ ಒತ್ತಿದಳು. ಯಂತ್ರ ಉದ್ದಕ್ಕೆ ಕೂಗಿತು.

ಹೊರಗೆ ಬಂದವಳೇ ದಿವ್ಯಾಳ ಕಂಕುಳಿಂದ ಮಗುವನ್ನು ಕಿತ್ತುಕೊಂಡು ಹಣೆ ಮುಟ್ಟಿದಳು. ಬಿಸಿಯಿರಲಿಲ್ಲ. ಮತ್ತೆ ಮುಟ್ಟಿ ನೋಡಿದಳು.