ಬೆಳಿಗ್ಗೆ ಹೇಳಬೇಕಿದ್ದ ಕೊನೆ

ರೇಣುಕಾ ಓದು ಬಿಟ್ಟದ್ದು ನನ್ನ ಸುಳ್ಳಿನಿಂದ. ಇಂಗ್ಲಿಷ್ ಸಾಹಿತ್ಯ ಆಕೆಯ ತಲೆಗೆ ಹತ್ತಲಿಲ್ಲ ಎಂದು ನಮ್ಮ ಎಂ.ಎ. ತರಗತಿಯವರು ಇವತ್ತಿಗೂ ನಂಬಿದ್ದಾರೆ. ಆಕೆಯೂ ಹಾಗೇ ನಂಬಿದ್ದಳು. ನಂಬಿಸಿದವಳು ನಾನು.

ಆ ಸಂಜೆ ಹೊಸಪೇಟೆಯಿಂದ ಸಂಡೂರಿಗೆ ಹೊರಟ ಬಸ್ಸಿನ ಹಿಂದುಗಡೆ ಇದ್ದವರು ಇಷ್ಟೇ ಜನ: ಕಿಟಕಿಗೆ ರೇಣುಕಾ, ಪಕ್ಕದಲ್ಲಿ ನಾನು, ಖಾಲಿ ಬುಟ್ಟಿ ಹಿಡಿದ ತರಕಾರಿ ಮಾರುವ ಹೆಂಗಸರು, ಟಿಕೆಟ್ ಕೊಟ್ಟು ಮುಗಿಸಿ ಬಂದು ಕಂಬಕ್ಕೆ ಒರಗಿದ ಕಂಡಕ್ಟರ್ ಬಸಣ್ಣ. ನಾನು ಕಥೆ ಹೇಳುತ್ತಿದ್ದೆ. ಪಾಠಕ್ಕಿದ್ದ ಕಾದಂಬರಿಗಳನ್ನೆಲ್ಲ ದಿನವೂ ಹೀಗೆ ನಮ್ಮ ಮಾತಿನಲ್ಲಿ ಹೇಳುತ್ತಿದ್ದೆ — ರೇಣುಕಾಳಿಗೋಸ್ಕರ. ಯಶವಂತನಗರದ ಅವಳು ನಸುಕಿನಲ್ಲೆದ್ದು ಅವ್ವನ ಜೊತೆ ಗಣಿ ಕಾರ್ಮಿಕರ ಮೆಸ್ಸಿಗೆ ರೊಟ್ಟಿ ತಟ್ಟಿ, ಆಮೇಲೆ ಕಾಲೇಜಿಗೆ ಬರುತ್ತಿದ್ದಳು. ದಪ್ಪ ಕಾದಂಬರಿ ಓದುವ ಪುರುಸೊತ್ತು ಎಲ್ಲಿಯದು?

ನನಗೆ ಕಥೆ ಹೇಳಲು ಕಲಿಸಿದವಳು ಕಂಪ್ಲಿಯ ನಮ್ಮಜ್ಜಿ. "ದೀಪ ಹಚ್ಚೋ ಹೊತ್ತಿನ್ಯಾಗ ಸತ್ತೋರ ಸುದ್ದಿ ತೆಗೀಬಾರ್ದು" ಎನ್ನುತ್ತಿದ್ದಳು. ಸಂಜೆಯ ಕಥೆಯಲ್ಲಿ ಹುಲಿಯ ಬಾಯಿಗೆ ಸಿಕ್ಕವನೂ ಮನೆಗೆ ಬಂದು ಉಂಡು ಮಲಗುತ್ತಿದ್ದ. ಆದರೆ ಮರುದಿನ ಬೆಳಿಗ್ಗೆ ಅಕ್ಕಿ ಆರಿಸುತ್ತ ಕೂತು, "ಖರೇ ಏನಾತು ಗೊತ್ತೇನು?" ಎಂದು ನಿಜವಾದ ಕೊನೆಯನ್ನು ಹೇಳಿಬಿಡುತ್ತಿದ್ದಳು.

ಅವತ್ತಿನ ಕಾದಂಬರಿಯ ನಾಯಕಿ ಕೊನೆಯ ಪುಟದಲ್ಲಿ ಸಮುದ್ರದಲ್ಲಿ ಮುಳುಗಿ ಸಾಯುತ್ತಾಳೆ. ನಾನು ಅಲ್ಲಿಗೆ ಬರುವಷ್ಟರಲ್ಲಿ ಬಸ್ಸಿನೊಳಗೆ ಲೈಟು ಹತ್ತಿತು.

"ಏ ತಂಗಿ, ಆಕೀನ ಸಾಯಿಸಬ್ಯಾಡ ಮತ್ತ!" ಎಂದಳು ಬುಟ್ಟಿಯವಳೊಬ್ಬಳು.

"ಸಾಯಿಸಿದ್ರ ನಡುದಾರ್ಯಾಗ ಇಳಿಸಿಬಿಡ್ತೀನ್ ನೋಡ್ರಿ" ಎಂದ ಬಸಣ್ಣ.

ನಾನು ಆಕೆಯನ್ನು ದಡಕ್ಕೆ ತಂದೆ. ದೋಣಿಯವನೊಬ್ಬ ಎತ್ತಿದ, ಆಕೆ ಬದುಕಿದಳು, ಊರಲ್ಲೊಂದು ಶಾಲೆ ತೆರೆದಳು. ಹೆಂಗಸರು ನಿಟ್ಟುಸಿರುಬಿಟ್ಟರು. ರೇಣುಕಾಳ ಕಣ್ಣು ತುಂಬಿತ್ತು — ಪೂರ್ತಿ ಎಚ್ಚರವಿದ್ದ ಕಣ್ಣು. ಅದು ನನಗೆ ಚೆನ್ನಾಗಿ ನೆನಪಿದೆ.

ಬೆಳಿಗ್ಗೆ ಹೇಳಬೇಕಿತ್ತು. "ಮಸ್ತ್ ಹೇಳಿದಿ ಲೇ, ರಾತ್ರೆಲ್ಲಾ ಆಕೀದ ಧ್ಯಾನ" ಎಂದಳು ರೇಣುಕಾ. ಆ ಮೆಚ್ಚುಗೆ ರುಚಿಸಿತು. ನಾಳೆ ಹೇಳಿದರಾಯಿತು, ಪರೀಕ್ಷೆ ಹತ್ತಿರ ಬಂದಾಗ ಹೇಳಿದರಾಯಿತು...

ಅಷ್ಟರಲ್ಲಿ ಮೇಷ್ಟ್ರು ಮುನ್ಸೂಚನೆ ಇಲ್ಲದೆ ಒಂದು ಕಿರುಪರೀಕ್ಷೆ ಕೊಟ್ಟರು. ಪ್ರಶ್ನೆ ಆ ಕೊನೆಯ ಮೇಲೆಯೇ. ರೇಣುಕಾ ಬರೆದದ್ದನ್ನು ಅವರು ತರಗತಿಗೆಲ್ಲ ಗಟ್ಟಿಯಾಗಿ ಓದಿ, "ಏನಮ್ಮಾ, ಈ ಕಾದಂಬರಿ ನೀವ ಬರದ್ರೇನು?" ಎಂದರು. ಎಲ್ಲರೂ ನಕ್ಕರು. ಆಕೆ ನನ್ನ ಕಡೆ ತಿರುಗಿದಳು.

"ನೀನ ಹೇಳಿದ್ಯಲ್ಲ, ಆಕಿ ದಂಡಿಗೆ ಬಂದ್ಲು ಅಂತ?"

"ನಾ ಹಂಗ ಹೇಳೇ ಇಲ್ಲ. ನೀ ನಿದ್ದಿಗಣ್ಣಾಗ ಏನ್ ಕೇಳಿದ್ಯೋ."

ಇಷ್ಟೇ ಮಾತು. ಆಕೆ ಜಗಳಕ್ಕೆ ಬಂದಿದ್ದರೆ — ಬರಲಿಲ್ಲ. ನನ್ನ ಮುಖವನ್ನೇ ನೋಡಿ, "ಹೌದೇನೋ... ನಸಿಕಿನ್ಯಾಗ ಏಳ್ತೀನಲ್ಲ" ಎಂದಳು. ನನ್ನನ್ನು ನಂಬಿ ತನ್ನ ಕಿವಿಯನ್ನೇ ಅನುಮಾನಿಸಿದಳು. ಮುಂದಿನ ವಾರದಿಂದ ಕಾಲೇಜಿಗೆ ಬರಲಿಲ್ಲ.

ನಾನು ಎಂ.ಎ. ಮುಗಿಸಿದೆ. ಈಗ ಅದೇ ಕಾದಂಬರಿಯನ್ನು ಪಾಠ ಮಾಡುತ್ತೇನೆ. ಪ್ರತಿ ವರ್ಷ ಆ ಕೊನೆಯ ಪುಟ ಬಂದಾಗ — ಬೇಡ, ನನ್ನ ಸಂಕಟದ ವರ್ಣನೆ ಇಲ್ಲಿ ಬೇಡ. ಸಂಜೆ ಕೊನೆ ಬದಲಿಸಿ ಹೇಳುವುದು ಅಜ್ಜಿಯಿಂದ ಬಂದ ಪದ್ಧತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಅಜ್ಜಿ ಬೆಳಗಿನ ಮಾತನ್ನು ಎಂದೂ ತಪ್ಪಿಸಿದವಳಲ್ಲ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಯಶವಂತನಗರಕ್ಕೆ ಹೋದೆ. ಮೆಸ್ಸನ್ನು ಈಗ ರೇಣುಕಾಳೇ ನಡೆಸುತ್ತಾಳೆ. "ಬಾರವಾ, ಕುಂದ್ರು. ದೊಡ್ಡ ಮೇಡಂ ಆಗಿ ಹಾದಿ ತಪ್ಪಿ ಬಂದ್ಯೇನು?" ಎಂದು ರೊಟ್ಟಿ ತಟ್ಟುತ್ತಲೇ ನಕ್ಕಳು. ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಆಕೆಯ ಕೈ ನಿಂತಿತು.

"ಹಂಗಾರ ಅವತ್ತು ನಾ ನಿದ್ದಿ ಮಾಡಿದ್ದಿಲ್ಲ."

"ಇಲ್ಲ."

"ಇಷ್ಟು ವರ್ಷ ನನ್ನ ತಲೀನ ಸರಿ ಇಲ್ಲ ಅನ್ಕೊಂಡಿದ್ದೆ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ನಿಜವಾದ ಕೊನೆ ಹೇಳುತ್ತೇನೆಂದು ಬಾಯಿ ತೆರೆದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಪುಸ್ತಕ ಕಿತ್ತುಕೊಂಡಳು.

"ನೀ ಹೇಳಬ್ಯಾಡ. ನಾನ ಓದ್ತೀನಿ."

ನಮ್ಮ ಹಳೆಯ ಸಹಪಾಠಿಗಳ ಕಣ್ಣಿಗೆ ಬೀಳಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ಅವತ್ತು ತಪ್ಪಿದವಳು ರೇಣುಕಾ ಅಲ್ಲ. ಇನ್ನು ಪ್ರತಿ ವರ್ಷ ಆ ಪಾಠ ಶುರುಮಾಡುವ ಮೊದಲು ವಿದ್ಯಾರ್ಥಿಗಳ ಮುಂದೆಯೂ ಇದನ್ನು ಹೇಳುತ್ತೇನೆ.

ರೇಣುಕಾ ದೂರಶಿಕ್ಷಣದಲ್ಲಿ ಎಂ.ಎ.ಗೆ ಹೊಸದಾಗಿ ಸೇರಿದ್ದಾಳೆ. ಭಾನುವಾರ ಹೊಸಪೇಟೆಯಲ್ಲಿ ತರಗತಿ. ಹೋದ ವಾರ ಸಂಜೆ ಸಂಡೂರಿನ ಬಸ್ಸಿನಲ್ಲಿ ಸಿಕ್ಕಳು. ಅದೇ ಪುಸ್ತಕ ಹಿಡಿದಿದ್ದಳು. ಕಿಟಕಿಯ ಕಡೆ ಸರಿದು ನನಗೆ ಜಾಗ ಬಿಟ್ಟು ಮತ್ತೆ ಓದತೊಡಗಿದಳು. ಸ್ವಲ್ಪ ದೂರ ಹೋದ ಮೇಲೆ ಲೈಟು ಹತ್ತಿತು. ಆಕೆ ಕೊನೆಯ ಪುಟವನ್ನು ತಾನೇ ತಿರುವಿದಳು.