ಮೇಷ್ಟ್ರ ಸೂಪರ್‌ಹೀರೋ ಮತ್ತು ನಾನೆಂಬ ಅಜ್ಜಿ

ಕಳೆದ ಮಂಗಳವಾರ ಬೆಳಗ್ಗೆ ಹನ್ನೊಂದು ಗಂಟೆಗೆ ನಾನು ನೆಲದಿಂದ ಹದಿನೈದು ಅಡಿ ಮೇಲೆ, ನೀಲಿ ರಬ್ಬರ್ ಸೂಟು ತೊಟ್ಟವನೊಬ್ಬನ ತೋಳಿನಲ್ಲಿ ನೇತಾಡುತ್ತಿದ್ದೆ. (ಮನೆಯಲ್ಲಿ ಹೇಳಿಲ್ಲ. ಅವರೂ ಇದನ್ನು ಓದಿಯೇ ತಿಳಿಯಲಿ.)

ನಡೆದದ್ದು ಇಷ್ಟು. ಕಾಲೇಜಿನಲ್ಲಿ ನಮಗೆ ನಾಟಕ ಕಲಿಸಿದವರು ವಾಸುದೇವ ಸರ್. ಸಂಸ್ಕೃತ ನಾಟಕವನ್ನು ಶಾಸ್ತ್ರೀಯವಾಗಿ ಕಲಿತವರು. ಒಂದು ಹೆಜ್ಜೆ ತಪ್ಪಿದರೂ ಇಡೀ ದೃಶ್ಯವನ್ನು ಮೊದಲಿಂದ ಮಾಡಿಸುವವರು. ಅಂಥವರು ಅರವತ್ತೆರಡನೇ ವಯಸ್ಸಿನಲ್ಲಿ ಫೋನ್ ಮಾಡಿ, "ತುಳುವಿನಲ್ಲಿ ಒಂದು ಸೂಪರ್‌ಹೀರೋ ಸಿನಿಮಾ ಮಾಡ್ತಾ ಇದ್ದೇನೆ. ಡೈಲಾಗ್ ಒಮ್ಮೆ ನೋಡಿ ಕೊಡ್ತೀಯಾ?" ಎಂದರು.

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

"ನಿಮಗೆ ಇದೆಲ್ಲ ಎಂತಕ್ಕೆ ಸರ್?"

"ನಮ್ಮ ನಾಟಕದ ಗಂಧರ್ವರು ಮತ್ತೆ ಎಂತ ಸಿಟಿ ಬಸ್ಸಿನಲ್ಲಿ ಬರ್ತಿದ್ರಾ?"

ಬಾಯಿ ಮುಚ್ಚಿಕೊಂಡು ಬಂದರಿಗೆ ಹೋದೆ. ಖಾಲಿ ಗೋದಾಮೊಂದರಲ್ಲಿ ಹಸಿರು ಪರದೆ ಕಟ್ಟಿ, ಮಾಡಿನಿಂದ ತಂತಿ ಇಳಿಬಿಟ್ಟು ಶೂಟಿಂಗ್. ಹೀರೋ ಇಮ್ತಿಯಾಜ್. ಮೂವತ್ತು ದಾಟಿದವನು, ಪಕ್ಕದ ರಸ್ತೆಯಲ್ಲೇ ಅಪ್ಪನ ಅಕ್ಕಿ ವ್ಯಾಪಾರ ನೋಡಿಕೊಳ್ಳುತ್ತಾನೆ. ಅಂದಿನ ದೃಶ್ಯದಲ್ಲಿ, ಕೂಳೂರು ಸೇತುವೆಯಿಂದ ಹೊಳೆಗೆ ಬಿದ್ದ ಅಜ್ಜಿಯನ್ನು ಅವನು ಹಾರಿ ಹೋಗಿ ಎತ್ತಿ ತರಬೇಕು. ಆದರೆ ಅಜ್ಜಿಯ ಪಾತ್ರದವರಿಗೆ ಜ್ವರ.

ಸರ್ ನನ್ನನ್ನೇ ನೋಡಿದರು.

"ನನಗೆ ಐವತ್ತು ಆಗಲಿಲ್ಲ ಸರ್."

"ಕೂದಲಿಗೆ ಬಿಳಿ ಹಚ್ಚಿದ್ರೆ ಆಗ್ತದೆ."

ಎರಡನೇ ಮಾಳಿಗೆಯ ಬಾಲ್ಕನಿಯಲ್ಲೂ ಗೋಡೆಗೆ ಅಂಟಿ ನಿಲ್ಲುವವಳು ನಾನು. ಹೇಳಿದೆ. ಸರ್ ವಾದಿಸಲಿಲ್ಲ. ತಾವೇ ಸೊಂಟಕ್ಕೆ ತಂತಿಯ ಪಟ್ಟಿ ಬಿಗಿಸಿಕೊಂಡು ಮೇಲೆ ಹೋದರು. ಒಂದು ನಿಮಿಷ ತೂಗಾಡಿ ಇಳಿದರು.

"ಪಟ್ಟಿ ಗಟ್ಟಿ ಉಂಟು. ಸೊಂಟ ಸ್ವಲ್ಪ ನೋಯ್ತದೆ. ಬೇಡ ಅಂದ್ರೆ ಬೇಡ, ಅವರು ಗುಣ ಆದ ಮೇಲೆ ಮಾಡುವ."

ಇಷ್ಟಾದ ಮೇಲೆ ಬೇಡ ಎನ್ನುವುದು ಹೇಗೆ?

ಮೊದಲ ಟೇಕಿನಲ್ಲಿ ಇಮ್ತಿಯಾಜ್ ಎದೆ ಉಬ್ಬಿಸಿ, ಕ್ಯಾಮೆರಾ ನೋಡುತ್ತಾ, ನನ್ನನ್ನು ನೆಲಕ್ಕೆ ಹಾಕಿದ. ಮೊಣಕಾಲು ತರಚಿತು. ನಿರ್ಮಾಪಕರು "ಸೂಪರ್, ಓಕೆ" ಎಂದರು. ಸರ್ ಓಕೆ ಅನ್ನಲಿಲ್ಲ. ಇಮ್ತಿಯಾಜನ ಬಳಿ ಹೋಗಿ ಮೆಲುದನಿಯಲ್ಲಿ ಅವನ ತಾಯಿಯ ವಿಷಯ ಕೇಳಿದರು.

"ಉಮ್ಮನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ನೀನು ಹೇಳಿದ್ದೆ ಅಲ್ವಾ? ಮಂಚದಲ್ಲಿ ಹೇಗೆ ಇಳಿಸಿದೆ?"

"ಮೆಲ್ಲ ಇಳಿಸಿದ್ದು ಸರ್. ತಲೆಯ ಅಡಿಗೆ ಕೈ ಕೊಟ್ಟು."

"ಅದನ್ನೇ ಮಾಡು. ವೀರರಸ ಎದೆಯಲ್ಲಿ ಇರುವುದಲ್ಲ ಮಾರಾಯ."

ನಿರ್ಮಾಪಕರು ಗೊಣಗಿದರು, "ಜನ ಬರುವುದು ಹಾರುವುದು ನೋಡ್ಲಿಕ್ಕೆ ಸರ್."

"ಹಾರುವುದನ್ನು ಕಂಪ್ಯೂಟರ್ ಮಾಡ್ತದೆ. ಇಳಿಸುವುದು ಇವನೇ ಆಗ್ಬೇಕು."

ಏಳು ಸಲ ಮೇಲೇರಿದೆ. ಏಳನೆಯ ಸಲ ಇಮ್ತಿಯಾಜ್ ಕ್ಯಾಮೆರಾ ನೋಡಲಿಲ್ಲ. ನನ್ನ ಪಾದ ನೆಲ ಮುಟ್ಟುವವರೆಗೂ ಪಾದವನ್ನೇ ನೋಡಿದ. ಕೂರಿಸಿ, ಬೆನ್ನಿಗೆ ಕೈ ಕೊಟ್ಟು, ನೋವಾಯಿತಾ ಅಜ್ಜಿ ಎಂದು ತುಳುವಿನಲ್ಲಿ ಕೇಳಿದ. ಸ್ಕ್ರಿಪ್ಟಿನಲ್ಲಿ ಇಲ್ಲದ ಮಾತು. ನನಗೆ ಅಳು ಬಂತು. (ಅಭಿನಯ ಅಲ್ಲ. ಅಷ್ಟು ಅಭಿನಯ ನನಗೆ ಬರುವುದಿಲ್ಲ.)

ಸರ್ ಮೆಲ್ಲಗೆ "ಓಕೆ" ಎಂದರು.

ಆಗ ನೆನಪಾಯಿತು. ಕಾಲೇಜಿನ ದಿನಗಳಲ್ಲಿ ತಾಲೀಮು ಮುಗಿದ ಮೇಲೆ ಇದೇ ಮನುಷ್ಯ ನಮ್ಮನ್ನೆಲ್ಲ ಹಂಪನಕಟ್ಟೆಯ ಬಸ್‌ಸ್ಟಾಪಿಗೆ ಕರೆತಂದು, ಒಬ್ಬೊಬ್ಬರನ್ನೇ ಅವರವರ ಊರಿನ ಬಸ್ಸು ಹತ್ತಿಸುತ್ತಿದ್ದರು. ಸೀಟು ಸಿಕ್ಕಿ, ಕಿಟಕಿಯಲ್ಲಿ ಮುಖ ಕಂಡ ಮೇಲೆಯೇ ಮುಂದಿನವರತ್ತ ತಿರುಗುತ್ತಿದ್ದರು. ನಾಟಕಕ್ಕೆ ಕಳುಹಿಸಲು ಹೆದರುತ್ತಿದ್ದ ನಮ್ಮ ಅಮ್ಮಂದಿರು ಅದೊಂದೇ ಧೈರ್ಯದ ಮೇಲೆ ಕಳುಹಿಸಿದರು. ನಾನು ಇಂದು ನಾಲ್ಕು ಜನರ ಮುಂದೆ ಮಾತಾಡುತ್ತೇನೆ, ಬರೆಯುತ್ತೇನೆ ಎಂದರೆ ಶುರುವಾದದ್ದು ಆ ಬಸ್‌ಸ್ಟಾಪಿನಿಂದ. ಅದಕ್ಕೊಂದು ಥ್ಯಾಂಕ್ಸ್ ಹೇಳಿದ್ದೆನಾ? ಇಲ್ಲ.

ಮೇಕಪ್ ಒರೆಸಿಕೊಂಡು ಹೋಗಿ ಹೇಳಿದೆ.

"ಎಂತಕ್ಕೆ?" ಎಂದರು.

"ಬಸ್ಸು ಹತ್ತಿಸಿದ್ದಕ್ಕೆ ಸರ್."

ಅವರು ತಲೆ ಕೆರೆದುಕೊಂಡರು. ನಿಜಕ್ಕೂ ನೆನಪಿರಲಿಲ್ಲ.

ನಿಮ್ಮನ್ನೂ ಹೀಗೆ ಯಾರೋ ಬಸ್ಸು ಹತ್ತಿಸಿರಬಹುದಲ್ಲ, ಅವರ ಫೋನ್ ನಂಬರ್ ಈಗಲೂ ನಿಮ್ಮಲ್ಲಿ ಉಂಟಾ?